ಗೋದಾಮಿನ ಆಲ್ಬಮ್ಮಿನಲ್ಲಿ ಅವ್ವನ ದನಿ

ಮಿರಜದ ಹತ್ತಿರ ವಿಶ್ರಾಮಬಾಗದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಮರಾಠಿಯಲ್ಲಿ ಗಣಿತ ಕಲಿಸುತ್ತ ನನ್ನ ಕೂದಲು ಹಣ್ಣಾಗಿದೆ. ವರ್ಗದ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಬಿಟ್ಟರೆ ಸಾಕು, ಕಡೆಯ ಬೆಂಚಿನವನೂ ಗಪ್‌ಚಿಪ್. ಈ ವಿದ್ಯೆಯನ್ನು ನಾನು ಮನೆಯಲ್ಲೂ ನಡೆಸುತ್ತೇನೆಂದು ನನ್ನ ಗಂಡ ಚೇಷ್ಟೆ ಮಾಡುವುದುಂಟು. ಮಾಡಲಿ. ಗದ್ದಲ ಅಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ನನ್ನಪ್ಪ ಭರತೇಶ ಇದಕ್ಕೆ ತದ್ವಿರುದ್ಧ. ಮಿರಜದಲ್ಲಿ ತಂಬೂರಿ ಮಾಡುವವರಿಗೆ ಒಣಗಿದ ಸೋರೆಬುರುಡೆ ಮಾರುವುದು ಅವನ ವ್ಯಾಪಾರ. ಗೋದಾಮಿನ ತೊಲೆಗಳಿಗೆಲ್ಲ ಬುರುಡೆಗಳು ತೂಗುತ್ತಿದ್ದವು. ಅವನು ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳಿ, ಇದು ಹಾಡುತ್ತದೆ, ಇದು ಹಾಡುವುದಿಲ್ಲ ಎಂದು ಬೇರೆ ಮಾಡುತ್ತಿದ್ದ. ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ, ಬುರುಡೆ ಮಾತ್ರ ಕೇಳಿಸುತ್ತಿತ್ತು.

ಗೋದಾಮಿನ ಪಕ್ಕದ ಅರಿವೆ ಅಂಗಡಿಯವರ ಮಗ ಸೂರಜ. ಕಾಲೇಜಿಗೆ ಹೋಗುವಾಗ ಎಲ್ಲಿಂದಲೋ ಒಂದು ಹಳೆಯ ಸ್ಯಾಕ್ಸೊಫೋನ್ ತಂದುಕೊಂಡ. ಅವನು ಊದಿದರೆ ಓಣಿಯಲ್ಲಿ ಎಮ್ಮೆ ಈಯುತ್ತಿದೆಯೇನೋ ಅನ್ನಬೇಕು. ಮನೆಯವರು ಹೊರಗೆ ಹಾಕಿದರು. ಅಪ್ಪ ಗೋದಾಮಿನ ಬಾಗಿಲು ತೆರೆದುಕೊಟ್ಟು, "ಊದೋ ತಮ್ಮಾ, ಬುರುಡಿಗೂ ಒಂದೀಟ ಗಾಳಿ ಆಡ್ಲಿ" ಅಂದಿದ್ದ. ಅದೇ ಸೂರಜ ಈಗ ಪುಣೆಯಲ್ಲಿದ್ದಾನೆ. ದೇಶ ದೇಶ ತಿರುಗಿ ಫ್ರೀ ಜಾಝ್ ಅನ್ನುವುದನ್ನು ನುಡಿಸುತ್ತಾನೆ.

ಅಪ್ಪ ತೀರಿಕೊಂಡಿದ್ದು ವಿಶ್ರಾಮಬಾಗದ ನಮ್ಮ ಫ್ಲ್ಯಾಟಿನಲ್ಲಿ. ನಾವು ಜೈನರು. ಜೀವ ಹೋಗುವ ಹೊತ್ತಿಗೆ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಬೇಕು, ಎದೆ ಬಡಿದುಕೊಂಡು ಅಳಬಾರದು, ಅತ್ತರೆ ಹೋಗುವ ಜೀವದ ಗತಿ ಕೆಡುತ್ತದೆ ಎನ್ನುತ್ತಾರೆ. ಅವ್ವ ಚಂದ್ರಾಬಾಯಿ ಅಳಲು ಬಾಯಿ ತೆರೆದಳು. ಅವಳ ತವರು ಖಂಡೇರಾಜುರಿ. ಅಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಡಾಡಿಕೊಂಡು ಅಳಲು ಇವಳನ್ನೇ ಕರೆಯುತ್ತಿದ್ದರಂತೆ, ಜಾತಿ ನೋಡದೆ ಇವಳೂ ಹೋಗುತ್ತಿದ್ದಳಂತೆ.

"ಅವ್ವಾ, ಬ್ಯಾಡ. ಅಪ್ಪನ ಗತಿ ಕೆಡತೈತಿ" ಅಂದೆ. ಅವಳು ಸೆರಗಿನ ತುದಿ ಬಾಯಲ್ಲಿಟ್ಟುಕೊಂಡಳು. ಅಷ್ಟೇ. ಚಂದ್ರಾಬಾಯಿ ಎಷ್ಟು ಸಮಾಧಾನದಿಂದ ಇದ್ದಾರೆ ಎಂದು ಬಂದವರೆಲ್ಲ ಹೊಗಳಿದರು. ಖರೆ ಹೇಳುತ್ತೇನೆ, ನನಗೆ ಹೆಮ್ಮೆಯಾಗಿತ್ತು.

ಅಪ್ಪ ಹೋಗಿ ವರ್ಷ ತುಂಬುವ ಹೊತ್ತಿಗೆ ಸೂರಜ ಬಂದ. ಭರತೇಶ ಕಾಕಾನ ನೆನಪಿಗೆ ಗೋದಾಮಿನಲ್ಲೇ ಕಾರ್ಯಕ್ರಮ ಮಾಡುತ್ತೇನೆ, ಅದನ್ನೇ ಲೈವ್ ಆಲ್ಬಮ್ ಮಾಡಿ ಹೊರಗೆ ತರುತ್ತೇನೆ ಅಂದ. ಅವನ ಕನ್ನಡ ಅರ್ಧ ಮರಾಠಿ.

"ಏನ ಬಾರಸ್ತೀ?" ಅಂದೆ.

"ಮೊದ್ಲ ಕಾಹೀ ಠರವಂಗಿಲ್ಲ, ಏನೂ ಗೊತ್ತ ಮಾಡಂಗಿಲ್ಲ ಅಕ್ಕಾ. ಒಬ್ಬಾಂವ ಶುರು ಮಾಡತಾನ, ಬಾಕಿದವ್ರು ಅದನ್ನ ಕೇಳಿ ಉತ್ತರಾ ಕೊಡತಾರ."

"ಅಂದ್ರ ಜಗಳ ಅನ್ನು."

"ಹಾಂ, ಜಗಳನ ಅನ್ರಿ" ಎಂದು ನಕ್ಕ. "ಆಮ್ಯಾಲ ಏನೂ ಕತ್ತರಸಂಗಿಲ್ಲ. ಯಾರರ ಕೆಮ್ಮಿದ್ರ ಕೆಮ್ಮೂ ಆಲ್ಬಮ್ಮಿನ್ಯಾಗ ಇರತೈತಿ."

ಕಾರ್ಯಕ್ರಮ ಮಧ್ಯಾಹ್ನವೇ ಇಟ್ಟುಕೊಂಡೆವು. ಹೊತ್ತು ಮುಳುಗುವ ಮೊದಲು ನಮ್ಮವರ ಊಟವಾಗಬೇಕಲ್ಲ. ಸಮಾಜದ ಹಿರಿಯರು ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದರು, ತಂಬೂರಿ ಮಾಡುವ ಮನೆತನಗಳವರು ಬಂದರು, ನನ್ನ ಶಾಲೆಯ ಹೆಡ್‌ಮಾಸ್ತರರೂ ಬಂದರು. ಪುಣೆಯಿಂದ ಒಂದಿಷ್ಟು ಹರೆಯದವರು ಬಂದು ನೆಲದ ಮೇಲೇ ಕೂತರು. ಅವ್ವನಿಗೆ ಎಲ್ಲರ ಮುಂದೆ ಒಂದು ಕುರ್ಚಿ, ಪಕ್ಕದಲ್ಲಿ ನಾನು. ಅವಳ ತಲೆಯ ಮೇಲೆ ಬುರುಡೆಗಳ ನಡುವೆ ಒಂದು ಮೈಕು ತೂಗುಬಿಟ್ಟಿದ್ದರು. ಬುರುಡೆ ಗುಂಯ್ ಅನ್ನುವುದು ಅದರಲ್ಲಿ ಬರಬೇಕು ಅಂತ ಸೂರಜನ ಹಟ.

ಶುರುವಾಯಿತು ನೋಡಿ. ಡ್ರಮ್ಮಿನವನು ಡಬ್ಬಿ ಉರುಳಿಸಿದ ಹಾಗೆ ಬಡಿದ. ದೊಡ್ಡ ಪಿಟೀಲಿನಂಥದನ್ನು ಹಿಡಿದವನು ಅದರ ತಂತಿ ಕೆರೆದ. ಸೂರಜ ಕಣ್ಣು ಮುಚ್ಚಿ ಊದಿದ. ರಾಗವಿಲ್ಲ, ತಾಳವಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಯ್ಯ ದೇವರೇ, ಇದೇನು ಅಪ್ಪನ ಹೆಸರಿನಲ್ಲಿ ಎಂದು ನಾನು ಸೀರೆಯ ನಿರಿಗೆ ಹಿಂಡುತ್ತ ಕೂತೆ.

ಆಮೇಲೆ ಗದ್ದಲವೆಲ್ಲ ಇಳಿಯಿತು. ಸೂರಜನೊಬ್ಬನೇ ಉಳಿದ. ಅವನ ಸ್ಯಾಕ್ಸೊಫೋನ್ ನುಡಿಯಲಿಲ್ಲ, ಅತ್ತಿತು. ಒಂದೇ ಸ್ವರವನ್ನು ಹಿಡಿದು ಎಳೆದು ಎಳೆದು, ಉಸಿರು ಸಾಲದೆ ಒಡೆದು, ಮತ್ತೆ ಹಿಡಿದು. ಮೇಲಿನ ಬುರುಡೆಗಳೆಲ್ಲ ಸಣ್ಣಗೆ ದನಿ ಕೊಟ್ಟವು. ಆಗ ನನ್ನ ಪಕ್ಕದಲ್ಲಿ ಅವ್ವ ಬಾಯಿ ತೆರೆದಳು.

"ಊರ ಬುರುಡಿ ಎಲ್ಲಾ ಬಡದ ಕೇಳಿದ್ರೀ... ನನ್ನ ಮಾಲಕಾ... ನನ್ನ ಮಾತ ಒಂದ ಕೇಳದ ಹೋದ್ರೆಲ್ಲಾ..."

ಅಳುವೋ ಹಾಡೋ ಹೇಳಲಾಗದು. ಮುದಿ ದನಿ, ಆದರೆ ಎಂಥ ಕಸುವು ಅದರಲ್ಲಿ! ಸೂರಜ ಕಣ್ಣು ತೆರೆದ. ಬೆಚ್ಚಲಿಲ್ಲ. ಅವಳು ಒಂದು ಸಾಲು ಎಳೆದರೆ ಅವನು ಅದರ ಬಾಲ ಹಿಡಿದು ಊದಿದ. ಅವಳು ಅವನಿಗೆ ಉತ್ತರ ಕೊಟ್ಟಳು. ಮೈ ತೂಗುತ್ತ, ತೊಡೆ ತಟ್ಟುತ್ತ ಮತ್ತೊಂದು ಸಾಲು ತೆಗೆದಳು.

"ಉಂಡ್ಯಾ ಅಂತ ಕೇಳಲಿಲ್ಲಾ... ದಣದ್ಯಾ ಅಂತ ಕೇಳಲಿಲ್ಲಾ..."

ಮನೆಯ ಮಾತು! ಹೆಡ್‌ಮಾಸ್ತರರು ಕತ್ತು ಚಾಚಿ ನೋಡುತ್ತಿದ್ದಾರೆ, ಪುಣೆಯ ಹುಡುಗಿಯೊಬ್ಬಳು ಮೊಬೈಲು ಎತ್ತಿದ್ದಾಳೆ, ಹಿರಿಯರು ನೆಲ ನೋಡುತ್ತಿದ್ದಾರೆ. ಸತ್ತ ಗಂಡನ ಬಗ್ಗೆ ಊರ ಮುಂದೆ ಇಂಥದನ್ನು ಹೇಳುವುದೇ? ಅವ್ವ ಮೂರನೆಯ ಸಾಲಿಗೆ ಉಸಿರು ತುಂಬಿಕೊಂಡಳು. ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿದೆ.

"ಸಾಕ ಮಾಡ ಅವ್ವಾ. ಮಂದಿ ಕೇಳಾಕತ್ತಾರ."

ಅವಳು ಸುಮ್ಮನಾದಳು. ಉಸಿರು ಹಾಗೇ ಇತ್ತು ಎದೆಯಲ್ಲಿ. ಸೆರಗಿನ ತುದಿ ಬಾಯಿಗಿಟ್ಟುಕೊಂಡು ನನ್ನ ಹಿಂದೆ ಬಂದಳು. ಹಿತ್ತಲ ಬಾಗಿಲು ದಾಟಿಸಿ, ಅದನ್ನು ಎಳೆದು ಹಾಕಿ, ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟೆ. ಬೈದೆ ಕೂಡ. ಅವಳು ನೀರು ಕುಡಿದು, "ತಡಕೊಳ್ಳಾಕ ಆಗಲಿಲ್ಲ ಮಗಳ" ಅಂದಳು.

ಕೆಲವು ವಾರಗಳ ನಂತರ ಒಂದು ಭಾನುವಾರ ಮುಂಜಾನೆ ಸೂರಜ ಲ್ಯಾಪ್‌ಟಾಪ್ ತೆಗೆದುಕೊಂಡು ಮನೆಗೆ ಬಂದ. ಹೊರಗೆ ಬಿಡುವ ಮೊದಲು ನಮ್ಮ ಒಪ್ಪಿಗೆ ಬೇಕಂತೆ. ಅವ್ವ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಆಲ್ಬಮ್ ಹಚ್ಚಿದ.

ಆ ದಿನ ಗದ್ದಲ ಅನಿಸಿದ್ದು ಈಗ ಹಾಗನಿಸಲಿಲ್ಲ. ಒಬ್ಬರು ಒಬ್ಬರನ್ನು ಹುಡುಕುತ್ತಿದ್ದ ಹಾಗಿತ್ತು. ಸ್ಯಾಕ್ಸೊಫೋನ್ ಅತ್ತಿತು. ಅವ್ವನ ದನಿ ಬಂತು. ಬುರುಡೆಗಳೊಳಗಿಂದಲೇ ಬಂದ ಹಾಗಿತ್ತು. ಅದರ ಬೆನ್ನಿಗೇ, ಹತ್ತಿರದಿಂದ, ಸ್ಪಷ್ಟವಾಗಿ, ವರ್ಗದಲ್ಲಿ ಮಕ್ಕಳನ್ನು ಗದರುವ ನನ್ನ ದನಿ ಬಂತು. "ಸಾಕ ಮಾಡ ಅವ್ವಾ. ಮಂದಿ ಕೇಳಾಕತ್ತಾರ." ಕುರ್ಚಿ ಸರಿದ ಸದ್ದು. ಚಪ್ಪಲಿಯ ಸದ್ದು. ಬಾಗಿಲು ಧಡ್ ಎಂದು ಬಿದ್ದ ಸದ್ದು.

ಮುಂದಿನದನ್ನು ನಾನು ಆ ದಿನ ಕೇಳಿರಲಿಲ್ಲ, ಹಿತ್ತಲಲ್ಲಿ ಬೈಯುತ್ತಿದ್ದೆನಲ್ಲ. ಸೂರಜ ಅವಳ ಸಾಲನ್ನು ಒಮ್ಮೆ ಊದಿ ನಿಲ್ಲಿಸಿದ್ದ. ಅವಳ ಉತ್ತರಕ್ಕೆ ಜಾಗ ಬಿಟ್ಟಿದ್ದ. ಬರಲಿಲ್ಲ. ಮತ್ತೆ ಊದಿದ, ಮತ್ತೆ ಜಾಗ ಬಿಟ್ಟ. ಕಳೆದುಹೋದವರನ್ನು ಕರೆದ ಹಾಗೆ ಕರೆದೇ ಕರೆದ. ಕಡೆಗೆ ಅವನೂ ನಿಲ್ಲಿಸಿದ. ಮುಗಿಯಿತೋ ಇಲ್ಲವೋ ತಿಳಿಯದೆ ಜನ ತಡವಾಗಿ ಚಪ್ಪಾಳೆ ತಟ್ಟಿದ್ದರು.

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. "ನನ್ನ ದನಿ ತಗದಬಿಡ ಸೂರಜ" ಅಂದೆ.

"ಅಷ್ಟ ತಗ್ಯಾಕ ಬರಂಗಿಲ್ಲ ಅಕ್ಕಾ. ಬಾಗಲದ ಸದ್ದೂ, ನಾ ಕರದದ್ದೂ, ಸಗಳೆ ಎಲ್ಲಾ ಅದಕ್ಕ ಗಂಟಬಿದ್ದಾವ. ತಗದ್ರ ಕಾಕೂ ಹಾಡಿದ್ದೂ ತಗೀಬೇಕ."

"ಹಂಗಾದ್ರ ಎಲ್ಲಾ ತಗಿ."

ಹೌದು, ಅಂದೆ. ಅವ್ವ ಅಲ್ಲೇ ಕೂತಿದ್ದಳು, ಆದರೂ ಅಂದೆ. ನನ್ನ ಮುಖ ಉಳಿದರೆ ಸಾಕಿತ್ತು ನನಗೆ. ಸೂರಜ ನನ್ನ ಕಡೆ ನೋಡಲಿಲ್ಲ, ಅವಳ ಕಡೆ ನೋಡಿದ.

ಅವ್ವ ಅವರೆಯ ಸಿಪ್ಪೆಯನ್ನು ಒಟ್ಟಿಗೆ ಮಾಡಿದಳು. "ಇರಲಿ ಬಿಡಪಾ. ಅವ್ರಿಗಿ ನಾ ಅತ್ತದ್ದು ಅಷ್ಟ ಐತಿ" ಅಂದಳು.

ಆಲ್ಬಮ್ ಹೊರಗೆ ಬಂತು. ಎಲ್ಲೆಲ್ಲಿಯವರೋ ಕೇಳಿದರು, ಮೆಚ್ಚಿದರು. ಆ ಹಾಡಿದಾಕೆ ಯಾರು, ನಡುವೆ ಮಾತಾಡಿದಾಕೆ ಏನಂದಳು ಎಂದು ಸೂರಜನನ್ನು ವಿಚಾರಿಸಿದರಂತೆ. "ನೀ ಏನ ಹೇಳಿದಿ?" ಎಂದು ಕೇಳಿದೆ. "ಮಗಳು ತಾಯಿನ್ನ ಕರದಳು ಅಂತ ಹೇಳೇನಿ ಅಕ್ಕಾ" ಅಂದ. ನನ್ನನ್ನು ಉಳಿಸಲು ನೋಡಿದ್ದ.

ಅವ್ವನಿಗೆ ಒಂದು ಚಟ ಹತ್ತಿದೆ. ನಾನು ಶಾಲೆಯಿಂದ ಬಂದು ಚಹಾ ಕುಡಿಯುವ ಹೊತ್ತಿಗೆ ನನ್ನ ಮೊಬೈಲಿನಲ್ಲಿ ಅದನ್ನು ಹಚ್ಚಿಸಿಕೊಳ್ಳುತ್ತಾಳೆ. ಮೊದಲು ನಾನು ಹಚ್ಚಿಕೊಟ್ಟು ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ. ನನ್ನ ದನಿ ನನಗೇ ಕೇಳುವುದಾಗುತ್ತಿರಲಿಲ್ಲ. ನಿನ್ನೆ ಧೈರ್ಯ ಮಾಡಿ ಅವಳ ಎದುರಿಗೇ ಕೂತೆ.

ಗದ್ದಲ ಇಳಿಯಿತು. ಸೂರಜನೊಬ್ಬನೇ ಉಳಿದ. ಅವ್ವ ಕಣ್ಣು ಮುಚ್ಚಿದಳು. ಮೊಬೈಲಿನೊಳಗಿನ ತನ್ನ ದನಿಯ ಜೊತೆ, ನೆರೆಮನೆಗೆ ಕೇಳದಷ್ಟು ಮೆಲ್ಲಗೆ, ತಾನೂ ಹಾಡತೊಡಗಿದಳು. ಊರ ಬುರುಡಿ ಎಲ್ಲಾ. ನನ್ನ ಮಾತ ಒಂದ. ಉಂಡ್ಯಾ ಅಂತ, ದಣದ್ಯಾ ಅಂತ. ಮೈ ತೂಗಿದಳು. ಕಣ್ಣಲ್ಲಿ ನೀರು ಬಂತು. ಮೂರನೆಯ ಸಾಲಿಗೆ ಉಸಿರು ತುಂಬಿಕೊಂಡಳು.

"ಸಾಕ ಮಾಡ ಅವ್ವಾ" ಎಂದಿತು ಮೊಬೈಲು.

ಅವಳು ಬಾಯಿ ಮುಚ್ಚಿದಳು. ಕೈ ತಾನಾಗಿ ಸೆರಗಿನ ತುದಿ ಹುಡುಕಿತು.

ನನಗೆ ತಡೆಯಲಾಗಲಿಲ್ಲ. ಅವಳ ಮೊಣಕಾಲು ಹಿಡಿದುಕೊಂಡೆ. "ತಪ್ಪಾತವ್ವಾ. ಮುಂದ ಹಾಡವ್ವಾ. ಜೋರಲೆ ಹಾಡು, ಬಿಲ್ಡಿಂಗಿಗೆಲ್ಲಾ ಕೇಳ್ಲಿ. ನಾ ಏನೂ ಅನ್ನಂಗಿಲ್ಲ."

ಮೊಬೈಲಿನೊಳಗೆ ಸೂರಜ ಕರೆಯುತ್ತಿದ್ದ. ಊದುತ್ತಿದ್ದ, ಜಾಗ ಬಿಡುತ್ತಿದ್ದ, ಮತ್ತೆ ಊದುತ್ತಿದ್ದ. ಅವ್ವ ಅದನ್ನು ಕೇಳಿದಳು, ನನ್ನ ಮುಖ ನೋಡಿದಳು. ಸಿಟ್ಟಿಲ್ಲ, ಏನಿಲ್ಲ.

"ಮುಂದ ಎಲ್ಲೈತಿ ಮಗಳ? ಅಷ್ಟ ಐತಲ್ಲ ಅದರಾಗ" ಅಂದಳು. ಕಣ್ಣೊರಸಿಕೊಂಡು ಮೊಬೈಲನ್ನು ನನ್ನ ಕೈಗೆ ಕೊಟ್ಟಳು. "ಮೊದಲಿಂದ ಹಚ್ಚ ಇನ್ನೊಮ್ಮೆ."

ನಾನು ಹಚ್ಚಿದೆ.