ಗುಂಡುಸೂಜಿ

"ಯಾರ ಕೈಯಿಂದ ರಕ್ತ ಸುರೀತಿದೆ? ಬಾಯಿ ಬಿಟ್ಟು ಹೇಳ್ರಮ್ಮಾ!"

ಕಟಿಂಗ್ ಮಾಸ್ಟರ್ ಅರಚಿದ್ದಕ್ಕೆ ಆರು ಹೊಲಿಗೆ ಯಂತ್ರಗಳೂ ಒಮ್ಮೆಗೇ ನಿಂತವು. ನೆಲಕ್ಕೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು. ಒಂದಲ್ಲ, ಎರಡಲ್ಲ, ಬಾಗಿಲಿನಿಂದ ಕಿಟಕಿಯವರೆಗೂ ಇದ್ದವು. ಆಸ್ಪತ್ರೆಯೊಂದಕ್ಕೆ ಇನ್ನೂರು ಬಿಳಿ ಕೋಟು ಹೊಲಿದು ಕೊಡಬೇಕಿತ್ತು. ನಾಳೆ ಗಾಡಿ ಬರುತ್ತದೆ, ನಲವತ್ತು ಇನ್ನೂ ಕತ್ತರಿ ಕಂಡಿಲ್ಲ.

ಮೊದಲೇ ಮಾಸ್ಟರಿಗೆ ಮೂಗಿನ ತುದಿಯಲ್ಲೇ ಕೋಪ. ಮೇಜು ಸಾಲದೆ ನೆಲದ ಮೇಲೇ ಬಟ್ಟೆ ಹಾಸಿ, ಅದರ ಮೇಲೆ ಓಡಾಡುತ್ತಲೇ ಗುರುತು ಹಾಕುವ ಕೋಣೆ ಅದು. ಚಪ್ಪಲಿ ಹೊರಗೇ ಬಿಡಬೇಕು. ಈ ಕಟ್ಟುನಿಟ್ಟು ಮಾಡಿದವರು ಮಾಸ್ಟರೇ. ಶುಗರ್ ಇಷ್ಟಿರುವಾಗ ಬರಿಗಾಲಲ್ಲಿ ನಡೆಯಲೇಬೇಡಿ ಎಂದು ಡಾಕ್ಟರು ಹೇಳಿ ಏಳು ತಿಂಗಳಾಗಿತ್ತು. ಹೇಳಿದ್ದಷ್ಟೇ ಬಂತು. 'ಈ ಆರ್ಡರ್ ಒಂದು ಮುಗೀಲಿ' ಎನ್ನುತ್ತಲೇ ಮತ್ತೆ ಅತ್ತ ತಲೆ ಹಾಕಿರಲಿಲ್ಲ. ಮಾತ್ರೆಗಳು ಡ್ರಾಯರಿನಲ್ಲಿ ಸೀಮೆಸುಣ್ಣದ ಜೊತೆ ಬಿದ್ದಿದ್ದವು. ನೆನಪಾದ ದಿನ ನುಂಗುವುದು, ಊಟ ನಾಲ್ಕಕ್ಕೋ ಐದಕ್ಕೋ.

"ಎಲ್ಲಾ ಸಾಲಾಗಿ ನಿಂತ್ಕೊಳ್ಳಿ. ಕೈ ತೋರಿಸಿ!"

"ಮಾಸ್ಟರು ಇವತ್ತು ಸ್ಕೂಲ್ ಮೇಷ್ಟ್ರಾಗಿದಾರೆ ಕಣ್ರೇ, ಉಗುರು ನೋಡ್ತಾರಂತೆ" ಎಂದು ಕಾಲರ್ ಹೊಲಿಯುವವಳು ಪಿಸುಗುಟ್ಟಿದಳು. ಉಳಿದವರು ಕಿಸಕ್ಕೆಂದರು.

ಮಾಸ್ಟರ್ ಒಬ್ಬೊಬ್ಬರ ಬೆರಳನ್ನೂ ತಿರುಗಿಸಿ ನೋಡಿದರು. ಒಂದು ಗೀರೂ ಇಲ್ಲ. ಸಾಲಿನ ಕೊನೆಯಲ್ಲಿ ಗುಂಡಿ ಹೊಲಿಯುವ ಅಕ್ಕ ನಿಂತಿದ್ದಳು. ಎಲ್ಲರಿಗಿಂತ ಹಿರಿಯಳು, ಮಾತು ಕಮ್ಮಿ. ಅವಳು ಕೈ ಚಾಚಲಿಲ್ಲ, ನೆಲವನ್ನೇ ನೋಡುತ್ತಿದ್ದಳು.

"ಮಾಸ್ಟರ್, ನೀವು ಕಾಲಿಟ್ಟ ಕಡೆಯೆಲ್ಲ ಚುಕ್ಕೆ ಬೀಳ್ತಿದೆಯಲ್ಲಾ."

ನಗು ಅಲ್ಲಿಗೇ ನಿಂತಿತು. ಮಾಸ್ಟರ್ ಗೋಡೆ ಹಿಡಿದು ಎಡಗಾಲು ಎತ್ತಿ ನೋಡಿದರು. ಹಿಮ್ಮಡಿಯಲ್ಲಿ ಗುಂಡುಸೂಜಿಯ ನೀಲಿ ತಲೆ ಮಾತ್ರ ಕಾಣುತ್ತಿತ್ತು. ಸೂಜಿ ಪೂರ್ತಿ ಒಳಗಿತ್ತು. ಬೆಳಿಗ್ಗೆ ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬಟ್ಟೆಗೆ ಸಿಕ್ಕಿಸುವಾಗ ಒಂದು ಬಿದ್ದದ್ದು ನೆನಪಾಯಿತು. ಅಂದರೆ ಬೆಳಗಿನಿಂದ ಇದರ ಮೇಲೇ ನಡೆದಿದ್ದಾರೆ.

ಅವರ ಅಣ್ಣನಿಗೂ ಶುರುವಾದದ್ದು ಹೀಗೆಯೇ. ಮೊಳೆ ಚುಚ್ಚಿದ್ದು ಅವನಿಗೂ ಗೊತ್ತಾಗಿರಲಿಲ್ಲ. ಈಗ ಅವನ ಬಲಗಾಲು ಮೊಣಕಾಲಿಗೇ ಮುಗಿಯುತ್ತದೆ. ಮಾಸ್ಟರಿಗೆ ಹುಟ್ಟಿದಾಗಿನಿಂದ ಇಷ್ಟು ಹೆದರಿಕೆಯಾಗಿರಲಿಲ್ಲ.

ಸ್ಟೂಲಿನ ಮೇಲೆ ಕುಕ್ಕರಿಸಿದರು. ಅಕ್ಕ ಎದುರಿಗೆ ಕೂತು ಸೂಜಿ ಕಿತ್ತಳು, ಚಿಂದಿ ಬಟ್ಟೆ ಒತ್ತಿ ಹಿಡಿದಳು.

"ನೋವಾಯ್ತಾ?"

"ಆಯ್ತು ಆಯ್ತು," ಎಂದರು ಮಾಸ್ಟರ್. ಅವಳು ನಂಬಲಿಲ್ಲ. ಸುಳ್ಳು ಹೇಳಿದವರ ಮುಖವೇ ಬೆವರುತ್ತಿತ್ತು.

"ಇವತ್ತೇ ಆಸ್ಪತ್ರೆಗೆ ಹೋಗಿ ಮಾಸ್ಟರ್. ಕೋಟು ಹಾಳಾಗೋಗ್ಲಿ."

ಮಾಸ್ಟರ್ ಬಲಗಾಲನ್ನು ಅವಳ ಮುಂದೆ ಚಾಚಿದರು.

"ಅಕ್ಕಾ, ಒಂದು ಹೊಸ ಸೂಜಿ ತಗೋ. ಇದಕ್ಕೂ ಒಂಚೂರು ಚುಚ್ಚು, ನೋಡೋಣ. ನಾನು ನೋಡಲ್ಲ."

ಕಣ್ಣು ಗಟ್ಟಿಯಾಗಿ ಮುಚ್ಚಿ ಸ್ಟೂಲಿನ ಅಂಚನ್ನು ಹಿಡಿದುಕೊಂಡರು. ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಫ್ಯಾನಿನ ಗಾಳಿಗೆ ಬಿಳಿ ಬಟ್ಟೆಯ ಅಂಚು ಪಟಪಟ ಎನ್ನುತ್ತಿತ್ತು. ಮಾಸ್ಟರ್ ಕಾದರು. ಇನ್ನೂ ಕಾದರು.

"ಚುಚ್ಚು ಅಕ್ಕಾ, ಹೆದರ್ಬೇಡ."

ಅಕ್ಕ ಸೂಜಿಯನ್ನು ಸೆರಗಿಗೆ ಒರೆಸಿಕೊಂಡಳು.

"ಚುಚ್ಚಿ ಆಯ್ತು, ಮಾಸ್ಟರ್."