ನಲವತ್ತು ಪರ್ಸೆಂಟಿನ ತಮ್ಮ

೨೦೦೩ರ ಒಂದು ಮುಂಜಾನೆ ಕಲಬುರಗಿಯ ಖೂಬಾ ಪ್ಲಾಟಿನ ನನ್ನ ದವಾಖಾನೆಗೆ ಕಮಲಾಪುರದ ದೌಲಪ್ಪ ಮೂಗಿಗೆ ಟಾವೆಲ್ ಒತ್ತಿಕೊಂಡು ಬಂದ. ಹಿಂದಿನ ದಿನದಿಂದ ರಕ್ತ ನಿಂತಿರಲಿಲ್ಲ. ಹೃದಯಕ್ಕೆಂದು ನಾನು ಕೊಟ್ಟಿದ್ದ, ರಕ್ತ ತೆಳುವಾಗಿಸುವ ಗುಳಿಗೆ ದಿನಕ್ಕೆ ಒಂದು ಮಾತ್ರ. ಅಷ್ಟಕ್ಕೇ ಹೀಗಾಗುವುದಿಲ್ಲ. ದಿನಕ್ಕೆ ಎಷ್ಟು ತಿನ್ನುತ್ತೀರಿ ಎಂದು ಕೇಳಿದೆ.

"ನಂದೊಂದು, ದೇವೀಂದ್ರಂದೊಂದು. ಎರಡ್ರೀ."

"ತಮ್ಮನ ಗುಳಿಗಿ ನೀವ್ಯಾಕ ತಿಂತೀರಿ?"

"ಅವಂಗ ಬ್ಲಾಕ್ ಬರೇ ನಲವತ್ತು ಪರ್ಸೆಂಟ್ ಅದರೀ. ನಂದು ಎಂಬತ್ತು. ಹೆಚ್ಚಿದ್ದವಂಗ ಹೆಚ್ಚು ಬೇಕಲ್ರೀ? ಹಿರೇರೆಲ್ಲ ಕುಂತು ಹಂಗ ಪಾಲು ಮಾಡ್ಯಾರ."

ನನ್ನ ತಲೆ ಕೆಟ್ಟುಹೋಯಿತು. ಹೊಲ ಪಾಲು ಮಾಡಲಿ, ಬಾಳೆತೋಟ ಪಾಲು ಮಾಡಲಿ, ಬಾವಿಯ ನೀರಿಗೂ ಪಾಳಿ ಹಚ್ಚಲಿ. ಗುಳಿಗೆ ಪಾಲು ಮಾಡುವ ಜಾಣರು ಈ ಭೂಮಿಯ ಮೇಲೆ ಇನ್ನೆಲ್ಲಿದ್ದಾರು?

ದೇವೀಂದ್ರಪ್ಪ ಸಾಲಿ ಮಾಸ್ತರ. ನಾನು ತಿಂಗಳಿಗೊಮ್ಮೆ ಹೈದರಾಬಾದಿನ ಆಸ್ಪತ್ರೆಗೆ ಹೋಗಿ ನಡೆಸುತ್ತಿದ್ದ ಅಧ್ಯಯನದ ಹನ್ನೊಂದನೆಯ ರೋಗಿ. ಎದೆನೋವು ಬಂದು ಹೋದವರ ರಕ್ತನಾಳದೊಳಗೆ ಸಣ್ಣ ನಳಿಕೆ ಬಿಟ್ಟು, ಅದರ ತುದಿಯ ಅಲ್ಟ್ರಾಸೌಂಡಿನಿಂದ ಒಡೆದ ಕೊಬ್ಬಿನ ಗಂಟುಗಳನ್ನು ಹುಡುಕುವ ಕೆಲಸ ಅದು. ರಕ್ತ ಹರಿಯುವ ದಾರಿ ಎಷ್ಟು ಕಿರಿದಾಗಿದೆ ಎಂಬುದನ್ನಷ್ಟೇ ಆಂಜಿಯೋಗ್ರಾಂ ತೋರಿಸುತ್ತದೆ. ಗೋಡೆಯೊಳಗೆ ಏನಾಗಿದೆ ಎಂಬುದು ಕಾಣುವುದು ಅಲ್ಟ್ರಾಸೌಂಡಿನಲ್ಲಿ. ದೌಲಪ್ಪನ ಎಂಬತ್ತು ಹಳೆಯದು, ಗಟ್ಟಿಯಾಗಿ ಕೂತದ್ದು. ತಮ್ಮನ ನಲವತ್ತರಲ್ಲಿ ಗಂಟಿನ ಹೊದಿಕೆ ಹರಿದು ಒಳಗೆ ಗುಂಡಿ ಬಿದ್ದಿತ್ತು. ಅಲ್ಲಿ ರಕ್ತ ಯಾವಾಗ ಬೇಕಾದರೂ ಹೆಪ್ಪುಗಟ್ಟಬಹುದು. ಇಬ್ಬರಲ್ಲಿ ಒಂದು ದಿನವೂ ಗುಳಿಗೆ ಬಿಡಬಾರದವನು ಅವನೇ.

"ಒಂದೂವರಿ ತಿಂಗಳಾತ್ರೀ ಬಿಟ್ಟು," ಎಂದ ದೌಲಪ್ಪ, ಹೆಮ್ಮೆಯಿಂದ. "ಅಂಥಾ ತಮ್ಮ ಯಾರಿಗೂ ಸಿಗಂಗಿಲ್ಲ."

ಫೋನು ಹಚ್ಚಿದೆ. ಅವರ ಮನೆಯ ಫೋನು ಎಂಟು ದಿನದಿಂದ ಸತ್ತಿತ್ತಂತೆ. ದೌಲಪ್ಪನ ಮೂಗಿಗೆ ಹತ್ತಿ ತುರುಕಿ, ಕಾರಿನಲ್ಲಿ ಕೂರಿಸಿಕೊಂಡು ಕಮಲಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಬೈದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಪುಣ್ಯಾತ್ಮ ಹೂಂ, ಹೂಂ ಎನ್ನುತ್ತಲೇ ಇದ್ದ.

ದೇವೀಂದ್ರಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ. ಅವನ ಹೆಂಡತಿ ಶಂಕ್ರಮ್ಮ ಚಹಾ ತಂದಳು. ನಾನು ಮುಟ್ಟಲಿಲ್ಲ.

"ಗುಳಿಗಿ ಯಾಕ ಬಿಟ್ರಿ? ನಾಕು ಮಕ್ಕಳಿಗೆ ಬುದ್ಧಿ ಹೇಳೋ ಮಾಸ್ತರ ನೀವು!"

ಅವನು ಸಾವಕಾಶ ಮುಖ ಎತ್ತಿದ. "ಅವತ್ತು ಮಷೀನ್ ಖೋಲಿಯಿಂದ ಹೊರಗ ಬಂದು ನೀವ ಹೇಳಿದ್ರಲ್ರೀ ಸಾಹೇಬ್ರ. ಅಂಜಬ್ಯಾಡ್ರಿ ಮಾಸ್ತರ, ಬರೇ ನಲವತ್ತದ ಅಂತ. ಇಕಿ ವಾರ್ಡಿನ ತುಂಬ ಸಕ್ರಿ ಹಂಚಿದಳು."

ಹೇಳಿದ್ದೆ. ಶಂಕ್ರಮ್ಮ ಅಳುವುದನ್ನು ನೋಡಲಾರದೆ ಮೊದಲು ಅದನ್ನೇ ಹೇಳಿದ್ದೆ. ಹರಿದ ಹೊದಿಕೆಯ ಮಾತನ್ನು ಆಮೇಲೆ ಹೇಳಿದೆ. ಅಷ್ಟರಲ್ಲಿ ಅವರು ಕೇಳುವುದನ್ನು ನಿಲ್ಲಿಸಿದ್ದರು. ನನಗೆ ನಾಚಿಕೆಯಾಯಿತು.

"ಅದಕ್ಕ ಈಗೂ ಸುಮ್ಮನ ಕುಂತೀನ್ರೀ," ಎಂದ ಅವನು. "ಮುಂಜಾನಿಂದ ಎಡಗಡೆ ದವಡಿ ಜಗ್ಗಾಕತ್ತದ. ಬೆವರು ನಿಲ್ಲವಲ್ದು. ನಲವತ್ತಿದ್ದವಂಗ ಇದೇನು ದೊಡ್ಡದು ಅಂತ ಇಕಿಗೂ ಹೇಳಿಲ್ಲ."

ಅದು ಹೃದಯಾಘಾತವೇ. ನಾನು ಚೀಲ ಬಿಚ್ಚಿ ಅದೇ ಗುಳಿಗೆ ಅವನ ಬಾಯಿಗೆ ಹಾಕಿ, ಅಗಿಯಿರಿ ಎಂದು ಚೀರಿದೆ. ದೌಲಪ್ಪನೂ ನಾನೂ ಅವನನ್ನು ಹೊತ್ತು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅಣ್ಣ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.

ಕಾರು ಶುರುಮಾಡುವಾಗ ದೌಲಪ್ಪ ಹಿಂದಿನಿಂದ ನನ್ನ ಭುಜ ಹಿಡಿದ.

"ಸಾಹೇಬ್ರ, ನಾ ತಿಂದದ್ದು ನನ್ನ ರಕ್ತದಾಗ ಇನ್ನೂ ಇರ್ತದಲ್ರೀ? ತೆಗೆದು ಇವಂಗ ಹಾಕ್ರೀ."