ಮೂರನೆಯ ಊದು

ನಾನು ಒಂದು ಉಸಿರಳೆಯುವ ಕೊಳವೆ. ಪ್ಲಾಸ್ಟಿಕ್ ಮೈ, ಹೊಟ್ಟೆಯೊಳಗೊಂದು ಸ್ಪ್ರಿಂಗ್, ಬೆನ್ನ ಮೇಲೆ ಅಂಕಿಗಳ ಸಾಲು, ಪಕ್ಕದಲ್ಲಿ ಕೆಂಪು ಮುಳ್ಳು. ಬಾಯಿಟ್ಟು ಜೋರಾಗಿ ಊದಿದರೆ ಮುಳ್ಳು ಮೇಲಕ್ಕೆ ಓಡುತ್ತದೆ. ಯಾರಾದರೂ ಹಿಂದಕ್ಕೆ ತಳ್ಳುವವರೆಗೂ ಅಲ್ಲೇ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಯಂತ್ರದ ಗಾಳಿ ಊದಿ ಪರೀಕ್ಷಿಸಿ, 'ಸರಿ ಇದೆ' ಎಂದು ನನಗೆ ಚೀಟಿ ಅಂಟಿಸಿದರು. ನನಗೂ ಜಂಬ ಬಂತು. ಉಸಿರು ಎಷ್ಟು ಎಂದು ಹೇಳಬಲ್ಲೆ, ಯಾರದು ಎಂದು ಹೇಳಲಾರೆ ಎಂಬುದು ಆಗ ಹೊಳೆದಿರಲಿಲ್ಲ.

ಡಾಕ್ಟರ್ ಫರ್ಹಾನಾ ಮಕ್ಕಳ ಅಸ್ತಮಾದ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಮೆಣಸಿನಕಾಯಿ ಘಾಟಿಗೂ ಮಕ್ಕಳ ಉಬ್ಬಸಕ್ಕೂ ಏನು ನಂಟು ಎಂದು ನೋಡಲು ಬ್ಯಾಡಗಿಗೆ ಬಂದವರು ನನ್ನನ್ನು ನೀಲವ್ವನ ಕೈಗಿಟ್ಟರು. ನೀಲವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಅವಳ ಕಿರಿಮಗಳು, ಒಂಬತ್ತು ವರ್ಷದ ಕಸ್ತೂರಿಗೆ ಉಬ್ಬಸ.

"ದಿನಾ ಮುಂಜಾನೆ ಮೂರು ಸಲ ಊದಸ್ರಿ. ಮೂರರಾಗ ದೊಡ್ಡದು ಯಾವುದೋ ಅದನ್ನ ಪುಸ್ತಕದಾಗ ಬರೀರಿ," ಎಂದರು ಡಾಕ್ಟರ್.

ಮೊದಲ ದಿನಗಳಲ್ಲಿ ನೂರೈವತ್ತು, ನೂರನಲವತ್ತು ಬರುತ್ತಿತ್ತು. ಆದರೆ ಎರಡನೆಯ ಊದಿಗೇ ಮಗು ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿತ್ತು. ಒಂದು ಮುಂಜಾನೆ ನೀಲವ್ವನಿಗೆ ಅದನ್ನು ನೋಡಲಾಗಲಿಲ್ಲ.

"ಕೂಸಿಗೆ ಸಾಕಾಗೇತಿ. ಮೂರನೇದ್ದು ನೀ ಊದವಾ," ಎಂದು ನೀಲವ್ವ ನನ್ನನ್ನು ದೊಡ್ಡ ಮಗಳು ರೇಣುಕಾಳಿಗೆ ಕೊಟ್ಟಳು.

"ಅಕಿ ಊದೋದನ್ನ ನಾ ಊದಿದ್ರ ನಡೀತೇತೇನವ್ವಾ?"

"ಅಕಿಗೆ ಜ್ವರ ಬಂದಾಗ ಹರಕಿ ಹೊತ್ತು, ಗುಡೀತನಾ ಅಡ್ಡಬೀಳಕೋತ ದೀಡ ನಮಸ್ಕಾರ ಯಾರು ಹಾಕಿದ್ರು? ನಾನಲ್ಲೇನು? ಹಂಗ ಇದೂ."

ರೇಣುಕಾ ಊದಿದಳು. ಮುಳ್ಳು ಇನ್ನೂರೆಪ್ಪತ್ತಕ್ಕೆ ಹಾರಿತು. ದೊಡ್ಡದನ್ನೇ ಬರೆಯಬೇಕಲ್ಲ, ಬರೆದರು. ದಿನವೂ ಅದೇ ನಡೆಯಿತು. ನೀಲವ್ವ ಸುಳ್ಳು ಹೇಳುವ ಹೆಂಗಸಾಗಿದ್ದರೆ ಮನಸಾರೆ ಬೈದುಕೊಂಡು ಹಗುರಾಗುತ್ತಿದ್ದೆ. ಅವಳು ಹಾಗಲ್ಲ, ಅದೇ ನನ್ನ ಸಂಕಟ.

ತಿಂಗಳ ಪುಸ್ತಕ ನೋಡಿ ಡಾಕ್ಟರ್ ಹಿಗ್ಗಿದರು. ಕಸ್ತೂರಿಯ ಇನ್ಹೇಲರ್ ಔಷಧಿಯನ್ನು ಅರ್ಧಕ್ಕಿಳಿಸಿದರು. ಹೊರಗೆ ಜನ ಕಾಯುತ್ತಿದ್ದರು. ಮಗುವಿನಿಂದ ಒಮ್ಮೆ ಊದಿಸಿ ನೋಡೋಣ ಎಂದು ಅವರಿಗೆ ಅನಿಸಲಿಲ್ಲ. ಮೇಜಿನ ಮೇಲಿದ್ದ ನನಗೆ 'ನೂರನಲವತ್ತು' ಎಂದು ಕೂಗಬೇಕೆನಿಸಿತು. ಊದುವವರಿಲ್ಲದೆ ನನಗೆಲ್ಲಿಯ ಮಾತು.

ಫೆಬ್ರವರಿಯಲ್ಲಿ ಹಂಗಾಮು ಏರಿತು. ಊರೆಲ್ಲ ಘಾಟು. ಒಂದು ಮಧ್ಯಾಹ್ನ ಮೆಣಸಿನಕಾಯಿ ರಾಶಿಯ ಪಕ್ಕ ಕೂತಿದ್ದ ಕಸ್ತೂರಿ ಉಸಿರು ಸಿಗದೆ ಮುಂದಕ್ಕೆ ಬಾಗಿದಳು. ತುಟಿ ನೀಲಿಗಟ್ಟಿತ್ತು. ನೀಲವ್ವ ಎತ್ತಿಕೊಂಡು ಓಡಿದಳು. ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟ ಮೇಲೆ ಜೀವ ಉಳಿಯಿತು.

ಮೂರನೆಯ ದಿನ ಡಾಕ್ಟರ್ ತಾವೇ ನನ್ನನ್ನು ಮಗುವಿನ ಬಾಯಿಗಿಟ್ಟರು. ನೂರಹತ್ತು. ಪುಸ್ತಕದಲ್ಲಿ ಹಿಂದಿನ ವಾರವೆಲ್ಲ ಇನ್ನೂರೆಪ್ಪತ್ತು.

"ಇದನ್ನ ಯಾರು ಊದಿದ್ದು?"

ನೀಲವ್ವ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಡಾಕ್ಟರ್ ಆ ಪುಟಗಳಿಗೆಲ್ಲ ಅಡ್ಡಗೆರೆ ಎಳೆದು, ಔಷಧಿಯನ್ನು ಮೊದಲಿನಷ್ಟೇ ಬರೆದರು.

"ನಾನೂ ನೋಡಬೇಕಿತ್ತು, ತಪ್ಪು ನಂದೂ ಐತಿ. ಆದ್ರ ಉಸಿರು ಹರಕಿಯಲ್ಲ ನೀಲವ್ವ, ಒಬ್ಬರದು ಇನ್ನೊಬ್ಬರಿಗೆ ಬರಂಗಿಲ್ಲ. ಬೇಕಾದ್ರ ನೀವ ಊದಿ ನೋಡ್ರಿ."

ನೀಲವ್ವ ಕಣ್ಣೊರೆಸಿಕೊಂಡು, ಇದ್ದಬದ್ದ ಬಲವೆಲ್ಲ ಹಾಕಿ ಊದಿದಳು. ಆ ವಯಸ್ಸಿನ ಹೆಂಗಸಿಗೆ ನಾನೂರರ ಹತ್ತಿರ ಬರಬೇಕು. ಮುಳ್ಳು ನೂರೆಂಬತ್ತಕ್ಕೆ ನಿಂತಿತು.

"ಎಷ್ಟು ವರ್ಷದಿಂದ ತೊಟ್ಟು ಬಿಡಸ್ತೀರಿ?"

"ಕಸ್ತೂರಿಯಷ್ಟಿದ್ದಾಗಿಂದ್ರೀ."

ಡಾಕ್ಟರ್ ಪೆನ್ನು ಹಿಡಿದು ಪುಸ್ತಕ ತಿರುವಿದರು. ಅದು ಮಕ್ಕಳ ಸಂಶೋಧನೆ. ತಾಯಂದಿರ ಉಸಿರಿಗೆ ಅದರಲ್ಲಿ ಕಾಲಂ ಇರಲಿಲ್ಲ.

ಹಲವರು ಬಾಯಿಟ್ಟದ್ದೆಂದು ಅಂದು ಮಗುವಿಗೆ ಹೊಸ ಕೊಳವೆ ಕೊಟ್ಟು, ನನ್ನನ್ನು ಆಸ್ಪತ್ರೆಯ ಕಪಾಟಿಗೆ ಹಾಕಿದರು. ವರ್ಷಗಳಾದವು. ಸಂಶೋಧನೆಯೂ ಮುಗಿಯಿತು. ಕಸ್ತೂರಿ ಈಗ ಮೂರೂ ಸಲ ತಾನೇ ಊದುತ್ತಾಳೆ ಎಂದು ನರ್ಸುಗಳು ಮಾತಾಡಿಕೊಳ್ಳುವುದು ಕೇಳಿ ಸಮಾಧಾನವಾಗುತ್ತದೆ. ನೀಲವ್ವ ಇನ್ನೂ ತೊಟ್ಟು ಬಿಡಿಸುತ್ತಾಳಂತೆ. ನನ್ನ ಮುಳ್ಳನ್ನು ಯಾರೂ ಹಿಂದಕ್ಕೆ ತಳ್ಳಿಲ್ಲ. ಅದು ನೂರೆಂಬತ್ತರಲ್ಲೇ ಇದೆ.